ಒಂದು ರಾತ್ರಿ ಪಾರಿಜಾತಕ್ಕೆ

ಏಪ್ರಿಲ್ ತಿಂಗಳ ಯಾವುದಾದರೂ ಸೋಮವಾರ ಸಂಜೆ ಬೆಳಗಾವಿ ನಿಲ್ದಾಣದಲ್ಲಿ ಗೋಕಾಕ ಬಸ್ಸು ಹತ್ತಿ ನೋಡಿ. ಸೀಟು ಸಿಗುವುದಿಲ್ಲ. ಸುಳೇಬಾವಿ ದಾಟಿ ಅಂಕಲಗಿ ಮೇಲೆ ಹೋಗುವ ಆ ಬಸ್ಸಿನಲ್ಲಿ ಕಾಲಿಡುವ ಜಾಗದಲ್ಲೆಲ್ಲ ಚೀಲ, ಚೀಲದ ಮೇಲೆ ಮಗು, ಮಗುವಿನ ಕೈಯಲ್ಲಿ ಅರ್ಧ ತಿಂದ ಬಾಳೆಹಣ್ಣು. ಹೆಚ್ಚಿನವರು ಹೆಣ್ಣುಮಕ್ಕಳು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಈ ಸಂಖ್ಯೆ ಇನ್ನೂ ಏರಿದೆ. ಟಿಕೀಟಿನ ದುಡ್ಡಿಗಾಗಿ ಯಾರ ಮುಖ ನೋಡುವ ಕೆಲಸವೂ ಇಲ್ಲ, ಆಧಾರ್ ಕಾರ್ಡು ತೋರಿಸಿದರೆ ತವರಿನ ಅಗಸಿಯವರೆಗೆ ಬಸ್ಸು ಒಯ್ದು ಬಿಡುತ್ತದೆ.

ಹೋದ ವರ್ಷ ನನ್ನ ಪಕ್ಕ ನಿಂತಿದ್ದ ಒಬ್ಬ ತಾಯಿ ಮಡಿಲಲ್ಲಿ ಒಂದು ಪೊಟ್ಟಣವನ್ನು ಜತನವಾಗಿ ಹಿಡಿದುಕೊಂಡಿದ್ದರು. "ಏನವ್ವಾ ಅದು?" ಎಂದೆ. "ಉಡಿ ತುಂಬಾಕ ಖಣ ತಗೊಂಡೀನ್ರೀ. ತವರಮನಿ ಜಾತ್ರಿ ಅದ. ಅಪ್ಪ ಮೂರು ಸಲ ಫೋನ್ ಮಾಡ್ಯಾನ, ವಾರ ಹಿಡದಾರ, ಸೋಮವಾರನ ಬಾ ಅಂತ" ಎಂದರು. ಮದುವೆಯಾಗಿ ಇಪ್ಪತ್ತು ವರ್ಷವಾಗಿತ್ತಂತೆ. ಆದರೂ "ಅಪ್ಪ ಫೋನ್ ಮಾಡ್ಯಾನ" ಎನ್ನುವಾಗ ದನಿ ಹನ್ನೆರಡು ವರ್ಷದ ಹುಡುಗಿಯದಾಗಿತ್ತು.

ನಮ್ಮ ಭಾಗದಲ್ಲಿ ಬೇಸಿಗೆ ಎಂದರೆ ಬಿಸಿಲಿನ ಹೆಸರಲ್ಲ, ಜಾತ್ರೆಯ ಹೆಸರು. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ತಾಲ್ಲೂಕುಗಳಲ್ಲಿ ಹೋಳಿಹುಣ್ಣಿಮೆಯಿಂದ ಕಾರಹುಣ್ಣಿಮೆಯವರೆಗೆ ಯಾವುದಾದರೂ ಒಂದು ಊರಲ್ಲಿ ಹಲಗಿ ಸದ್ದು ಕೇಳುತ್ತಲೇ ಇರುತ್ತದೆ. ಯುಗಾದಿಯ ಬೇವು–ಬೆಲ್ಲ ಮುಗಿಯುವಷ್ಟರಲ್ಲಿ ರಾಮನವಮಿ, ಅದರ ಬೆನ್ನಿಗೆ ಹನುಮಪ್ಪನ ಓಕಳಿ. ದವನದ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಬಂಡಿಗಳು ತಿರುಗಿ ಬರುವ ಹೊತ್ತಿಗೆ ಬಸವ ಜಯಂತಿ. ನಡುವೆ ಅವರವರ ಊರಿನ ಲಕ್ಷ್ಮೀ, ದ್ಯಾಮವ್ವ, ಬೀರದೇವರ ಜಾತ್ರೆ, ಮಠಗಳ ಪುಣ್ಯತಿಥಿ, ಸಪ್ತಾಹ. ಅಂಕಲಗಿಯ ಅಡವಿಸಿದ್ಧೇಶ್ವರ ಮಠದ ಭಕ್ತರೇ ಈ ಸೀಮೆಯ ಹತ್ತಾರು ಹಳ್ಳಿಗಳಲ್ಲಿದ್ದಾರೆ. ಒಂದು ಊರಿನ ಜಾತ್ರೆ ಎಂದರೆ ಸುತ್ತ ಹತ್ತು ಊರಿನ ಬೀಗರ ಜಾತ್ರೆ.

ಬೇಸಿಗೆಯೇ ಯಾಕೆ ಎಂದು ಹಿರಿಯರನ್ನು ಕೇಳಿದರೆ ಉತ್ತರ ಸರಳ: "ಹೊಲ ಖಾಲಿ, ಕೈ ಖಾಲಿ, ಮನಿಯಾಗ ಕಾಳು ತುಂಬೇತಿ." ಹಿಂಗಾರಿ ಜೋಳ, ಕಡಲೆ ಒಕ್ಕಿ, ಕಣ ಸಾರಿಸಿ, ಕಾಳು ಹಗೇವಿಗೆ ಇಳಿದ ಮೇಲೆ ಮುಂಗಾರಿ ಮಳೆ ಬೀಳುವವರೆಗೆ ರೈತನಿಗೆ ಬಿಡುವು. ಆ ಬಿಡುವಿನಲ್ಲಿ ದೇವರ ಕೆಲಸ, ಮದುವೆ ಕೆಲಸ. ಘಟಪ್ರಭೆಗೆ ಹಿಡಕಲ್ ಬಳಿ ರಾಜಾ ಲಖಮಗೌಡ ಜಲಾಶಯ ಆದ ಮೇಲೆ, ಮಾರ್ಕಂಡೇಯ ಹೊಳೆಗೂ ಶಿರೂರ ಹತ್ತಿರ ಅಣೆಕಟ್ಟು ಬಂದ ಮೇಲೆ, ಈ ಲೆಕ್ಕ ಬದಲಾಗಿದೆ. ನೀರು ಬಂದಲ್ಲೆಲ್ಲ ಕಬ್ಬು ಬಂತು. ಕಬ್ಬಿಗೆ ಬಿಡುವಿಲ್ಲ. ಆದರೂ ಜಾತ್ರೆ ಬೇಸಿಗೆಯಲ್ಲೇ ಉಳಿದಿದೆ, ಕಾರಣ ಮಾತ್ರ ಬೇರೆಯಾಗಿದೆ. ಸಂಕೇಶ್ವರದ ಹಿರಣ್ಯಕೇಶಿಯಿಂದ ಹಿಡಿದು ಇತ್ತಲಿನ ಎಲ್ಲ ಸಕ್ಕರೆ ಕಾರ್ಖಾನೆಗಳೂ ಮಾರ್ಚ್ ಹೊತ್ತಿಗೆ ನುರಿಸುವುದನ್ನು ನಿಲ್ಲಿಸುತ್ತವೆ. ಕಬ್ಬು ಕಡಿಯುವ ಗ್ಯಾಂಗಿನವರು ಬಿಡಾರ ಕಿತ್ತು ತಮ್ಮೂರಿಗೆ ಹೋಗುತ್ತಾರೆ, ಟ್ರ್ಯಾಕ್ಟರುಗಳ ಗದ್ದಲ ಅಡಗುತ್ತದೆ. ಕಬ್ಬಿನ ಬಿಲ್ಲು ಕೈಗೆ ಬಂದರೆ ಜಾತ್ರೆ ಪಟ್ಟಿ ಸಲೀಸು. ಬಿಲ್ಲು ತಡವಾದ ವರ್ಷ ಪಟ್ಟಿ ಎತ್ತಲು ಬಂದ ಪಂಚರ ಮುಂದೆ ಮನೆಯ ಯಜಮಾನ ಎಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಾನೆ ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅಷ್ಟಾದರೂ ಇಲ್ಲವೆಂದು ಹೇಳಿ ಕಳಿಸಿದವರನ್ನು ಮಾತ್ರ ಕಂಡಿಲ್ಲ. ಕೈಗಡ ತಂದಾದರೂ ಕೊಡುತ್ತಾರೆ.

ತಾಸಿನ ದಾರಿಯ ಬೆಳಗಾವಿಯ ಬೇಸಿಗೆಗೂ ಅದರದೇ ಆದ ಕಳೆಯಿದೆ. ವೈಶಾಖ ಶುದ್ಧ ಬಿದಿಗೆಗೆ ಪರಂಪರೆಯ ಶಿವಜಯಂತಿ, ಮರುದಿನ ಅಕ್ಷಯ ತದಿಗೆಗೆ ಬಸವ ಜಯಂತಿ. ಮಹಾರಾಷ್ಟ್ರ ಸರ್ಕಾರ ಶಿವಜಯಂತಿಯನ್ನು ಫೆಬ್ರುವರಿ 19ಕ್ಕೆ ಗೊತ್ತು ಮಾಡಿದ್ದರೂ ಬೆಳಗಾವಿ ಊರು ತಿಥಿಯನ್ನು ಬಿಟ್ಟಿಲ್ಲ. ಅದಕ್ಕೇ ಎರಡೂ ಹಬ್ಬ ಬೆನ್ನಿಗೆ ಬೆನ್ನು ಹಚ್ಚಿ ಬರುತ್ತವೆ. ಶಿವಜಯಂತಿಯ ಚಿತ್ರರಥಗಳ ಮೆರವಣಿಗೆ ರಾತ್ರಿಯಿಡೀ ನಡೆಯುತ್ತದೆ. ಓಣಿ ಓಣಿಯ ಮಂಡಳದವರು ಟ್ರಾಲಿಯ ಮೇಲೆ ಕೋಟೆ ಕಟ್ಟಿ, ಹುಡುಗರಿಗೆ ಮಾವಳಿಗಳ ವೇಷ ಹಾಕಿ, ಲೇಜೀಮು, ಝಾಂಜ ಪಥಕಗಳೊಂದಿಗೆ ಬೆಳಗಿನವರೆಗೆ ಸಾಗುತ್ತಾರೆ. ನಮ್ಮ ಹಳ್ಳಿಗಳಿಂದ ಟೆಂಪೋ ಮಾಡಿಕೊಂಡು ನೋಡಲು ಹೋಗುವವರು ಬಹಳ. ಬಸವ ಜಯಂತಿಗೆ ಹಳ್ಳಿಗಳಲ್ಲಿ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಜೂಲು ಹೊದಿಸಿ ಮೆರೆಸುತ್ತಾರೆ. ಒಂದೆಡೆ ಖಡ್ಗ ಹಿಡಿದ ಅರಸ, ಇನ್ನೊಂದೆಡೆ ಲಿಂಗ ಹಿಡಿದ ಶರಣ. ಎರಡು ಭಾಷೆಯ ಈ ಸೀಮೆಯಲ್ಲಿ ಎರಡೂ ಮೆರವಣಿಗೆಯಲ್ಲಿ ಹೆಜ್ಜೆ ಹಾಕಿದ ಹುಡುಗರು ನನ್ನ ಗುರುತಿನವರಲ್ಲೇ ಇದ್ದಾರೆ. ಗಡಿಯ ಬಗ್ಗೆ ಬರೆಯುವವರು ಈ ಮಾತನ್ನು ಹೆಚ್ಚು ಬರೆಯುವುದಿಲ್ಲ, ಬರೆಯಬೇಕು.

ಹಳ್ಳಿಗೆ ಮರಳುತ್ತೇನೆ. ಹನುಮಪ್ಪನ ಓಕಳಿ ಮೂರು ದಿನದ್ದು. ಗುಡಿಯ ಮುಂದಿನ ಹೊಂಡಕ್ಕೆ ಹಿಂದಿನ ರಾತ್ರಿಯೇ ನೀರು ತುಂಬಿಸುತ್ತಾರೆ. ಹಿಂದೆ ಕೊಡ ಹೊತ್ತು ತುಂಬುತ್ತಿದ್ದರು, ಈಗ ಟ್ಯಾಂಕರು. ನೀರಿಗೆ ಬಣ್ಣ, ಅರಿಶಿನ. ಕೊನೆಯ ದಿನದ ಕಡೆ ಓಕಳಿಯೇ ದೊಡ್ಡದು. ಹೊಂಡದ ಸುತ್ತ ಗಂಡಸರು ನೀರು ಎರಚುತ್ತಾ ಓಡುವುದು, ಅತ್ತಿಗೆ–ನಾದಿನಿಯರು ಹಗ್ಗದಂತೆ ಹೊಸೆದ ಬಟ್ಟೆಯಿಂದ ಬೆನ್ನಿಗೆ ಬಾರಿಸುವುದು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಕೂತ ಮುದುಕಿಯರನ್ನು ಆ ಕಟ್ಟೆಯ ಮೇಲೆ ನೋಡಬೇಕು.

ಆದರೆ ಓಕಳಿಯ ಹೆಸರು ಎತ್ತಿದ ಮೇಲೆ ಒಂದು ಮಾತನ್ನು ನುಂಗಿಕೊಂಡು ಹೋಗಲಾರೆ. ಬಹಳ ಊರುಗಳಲ್ಲಿ ಈ ಆಟದ ಭಾರ ದೇವರಿಗೆ ಬಿಟ್ಟ ಹೆಣ್ಣುಮಕ್ಕಳ ಮೇಲೆ ಇತ್ತು. ಊರಿನ ಮೋಜಿಗೆ ಅವರು ಎಲ್ಲರೆದುರು ನೆನೆಯಬೇಕಿತ್ತು, ಅವಮಾನ ಉಣ್ಣಬೇಕಿತ್ತು. 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧದ ಕಾಯ್ದೆ ಬಂತು, ಅದಕ್ಕಿಂತ ಹೆಚ್ಚಾಗಿ ಆ ತಾಯಂದಿರೇ ಸಂಘ ಕಟ್ಟಿಕೊಂಡು "ಒಲ್ಲೆವು" ಎಂದರು. ಇವತ್ತು ಅತ್ತಿಗೆ–ಮೈದುನರು ತಮ್ಮ ಖುಷಿಯಿಂದ ಆಡುವ ಓಕಳಿ ಇದ್ದರೆ ಇರಲಿ. ಯಾರದೋ ಮನಸ್ಸಿಗೆ ವಿರುದ್ಧವಾಗಿ ಆಡಿಸುವ ಓಕಳಿ ಯಾವ ಹನುಮಪ್ಪನಿಗೂ ಬೇಡ. ಪರಂಪರೆ ಎಂಬ ಮಾತನ್ನು ಬಳಸುವಾಗ ಯಾವುದನ್ನು ಉಳಿಸುತ್ತಿದ್ದೇವೆ, ಯಾವುದನ್ನು ಬಿಡುತ್ತಿದ್ದೇವೆ ಎಂದು ನೋಡಿಯೇ ಬಳಸಬೇಕು.

ಓಕಳಿ ಮುಗಿದ ಸಂಜೆ ಹಾಲಗಂಬ. ನಲವತ್ತು ಐವತ್ತು ಅಡಿಯ ನುಣುಪಾದ ಕಂಬವನ್ನು ನೆಟ್ಟು, ಅದಕ್ಕೆ ಜಾರುವಂಥ ಲೋಳೆ ಬಳಿಯುತ್ತಾರೆ. ತುದಿಯಲ್ಲಿ ಪುಟ್ಟ ಮಂಟಪ, ಅಲ್ಲಿ ಕುಳಿತವರು ಮೇಲಿಂದ ನೀರು ಸುರಿಯುತ್ತಲೇ ಇರುತ್ತಾರೆ. ಒಬ್ಬನ ಹೆಗಲ ಮೇಲೆ ಒಬ್ಬ ನಿಂತು, ಜಾರಿ, ಬಿದ್ದು, ಮತ್ತೆ ಹತ್ತಿ, ಕಡೆಗೊಬ್ಬ ತುದಿ ಮುಟ್ಟಿದಾಗ ಏಳುವ ಕೂಗು ಮುಂದಿನ ಊರಿಗೆ ಕೇಳುತ್ತದೆ. ಗೆದ್ದವನಿಗೆ ಸಿಗುವುದು ದೊಡ್ಡ ಬಹುಮಾನವೇನಲ್ಲ. ಕೆಳಗೆ ಹೆಗಲು ಕೊಟ್ಟು ನಿಂತವನ ಭುಜದ ಮೇಲೆ ಕೆಂಪಗೆ ಮೂಡಿದ ಪಾದದ ಗುರುತು ಇನ್ನೂ ನನ್ನ ಕಣ್ಣಲ್ಲಿದೆ. ಅವನ ಹೆಸರನ್ನು ಮೈಕಿನಲ್ಲಿ ಯಾರೂ ಹೇಳಲಿಲ್ಲ. ಅವನು ಕೇಳಲೂ ಇಲ್ಲ, ಟಾವೆಲಿನಿಂದ ಮೈ ಒರೆಸಿಕೊಂಡು ಚಹಾದಂಗಡಿಗೆ ನಡೆದ.

ಇತ್ತ ಕುಸ್ತಿಯ ಕಣ. ಬೆಳಗಾವಿ, ಗೋಕಾಕಗಳ ಗರಡಿಮನೆಗಳಿಗೂ ಕೊಲ್ಲಾಪುರದ ತಾಲೀಮುಗಳಿಗೂ ಹಳೆಯ ನಂಟು. ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು 1912ರಲ್ಲಿ ಕಟ್ಟಿಸಿದ ಖಾಸಬಾಗ ಮೈದಾನದಲ್ಲಿ ಒಮ್ಮೆ ಇಳಿದು ಬರಬೇಕು ಎಂಬುದು ನಮ್ಮ ಕಡೆಯ ಎಷ್ಟೋ ಪೈಲವಾನರ ಆಸೆ. ಊರ ಕಣಕ್ಕೆ ಕೆಂಪು ಮಣ್ಣು ತಂದು, ಜರಡಿ ಹಿಡಿದು, ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆರಸ ಹಾಕಿ ಹದ ಮಾಡುತ್ತಾರೆ. ಬಿದ್ದರೂ ಮೈ ತರಚಬಾರದು, ತರಚಿದರೂ ಗಾಯ ನಂಜಾಗಬಾರದು. ಮೊದಲು ಆರೇಳು ವರ್ಷದ ಹುಡುಗರ ಕುಸ್ತಿ, ಗೆದ್ದವನಿಗೂ ಸೋತವನಿಗೂ ತೆಂಗಿನಕಾಯಿ. ಹೊತ್ತು ಇಳಿದಂತೆ ಜೋಡಿಗಳ ತೂಕ ಏರುತ್ತದೆ, ಇನಾಮಿನ ಮೊತ್ತವೂ ಏರುತ್ತದೆ. ಕೊನೆಗೆ ಜಂಗೀ ನಿಕಾಲಿ ಕುಸ್ತಿ. ಹಲಗಿಯವನು ಆಗ ಬಡಿಯುವ ಗತ್ತೇ ಬೇರೆ. ಅವನ ಕೋಲು ನಿಧಾನವಾದಾಗ ಪೈಲವಾನರೂ ಉಸಿರು ತೆಗೆದುಕೊಳ್ಳುತ್ತಾರೆ.

ತೆರಬಂಡಿ ಶರ್ಯತ್ತಿನ ಹುಚ್ಚನ್ನು ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಬಂಡಿಯ ಗಾಲಿ ತಿರುಗದಂತೆ ಬಿಗಿದು ಕಟ್ಟಿ, ಎತ್ತಿನ ಜೋಡಿಯಿಂದ ಎಳೆಸುತ್ತಾರೆ. ಕೊಟ್ಟ ವೇಳೆಯಲ್ಲಿ ಎಷ್ಟು ಅಡಿ ಎಳೆದವು ಎಂಬುದನ್ನು ಟೇಪು ಹಿಡಿದು ಅಳೆಯುತ್ತಾರೆ. ಕಿಲಾರಿ ಜೋಡಿಯನ್ನು ಮಕ್ಕಳಂತೆ ಸಾಕಿದ ರೈತರಿಗೆ ಆ ಒಂದು ನಿಮಿಷ ವರ್ಷದ ಲೆಕ್ಕ. ಎತ್ತಿನ ಓಟ, ಕಂಬಳಗಳಿಗಾಗಿ ಕರ್ನಾಟಕ 2017ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದಿತು, 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಆ ತೀರ್ಪು ಬಂದಾಗ ನಮ್ಮಲ್ಲಿ ಪಟಾಕಿ ಹಾರಿಸಿದರು. ಪಟಾಕಿಯ ಜೊತೆ ತೀರ್ಪಿನ ಇನ್ನೊಂದು ಮುಖವನ್ನೂ ಓದಬೇಕಿತ್ತು: ಎತ್ತಿಗೆ ಹಿಂಸೆಯಾಗದಂತೆ ಹಾಕಿದ ಕರಾರುಗಳು ಕಾಗದದಲ್ಲಿ ಉಳಿಯಬಾರದು. ಬಾರುಕೋಲಿಗೆ ಮೊಳೆ ಬಡಿದವನನ್ನು ಕಣದಿಂದ ಹೊರಗೆ ಹಾಕುವ ಧೈರ್ಯ ಪಂಚರಿಗೆ ಇರಬೇಕು. ನಿಜವಾದ ಎತ್ತಿನ ಒಡೆಯ ತನ್ನ ಎತ್ತನ್ನು ಹೆಸರು ಹಿಡಿದು ಕೂಗುತ್ತಾನೆ, ಹೊಡೆಯುವುದಿಲ್ಲ.

ಲಕ್ಷ್ಮೀ ಜಾತ್ರೆಯ ಗಾಂಭೀರ್ಯ ಬೇರೆ. ಅದು ವರ್ಷ ವರ್ಷ ಬರುವುದಲ್ಲ. ಕೆಲವು ಊರುಗಳಲ್ಲಿ ಐದು ವರ್ಷಕ್ಕೊಮ್ಮೆ, ಕೆಲವೆಡೆ ಅದಕ್ಕಿಂತಲೂ ತಡ. ದೇವಿಯ ಮೂರ್ತಿ ಕಟ್ಟಿಗೆಯದು. ಜಾತ್ರೆಗೆ ಮೊದಲು ಅದಕ್ಕೆ ಹೊಸ ಬಣ್ಣ ಆಗಬೇಕು, ಕಣ್ಣು ಬರೆಯಬೇಕು. ಕಣ್ಣು ಬರೆಯುವವರೆಗೆ ಅದು ಕಟ್ಟಿಗೆ, ಬರೆದ ಮೇಲೆ ತಾಯಿ. ಅದಕ್ಕೂ ಮುಂಚೆ ಊರು ವಾರ ಹಿಡಿಯುತ್ತದೆ. ಡಂಗುರ ಸಾರಿದ ಮೇಲೆ ಗೊತ್ತುಮಾಡಿದ ವಾರದ ದಿನ ಯಾರೂ ನೇಗಿಲು ಹೂಡುವಂತಿಲ್ಲ, ಕಬ್ಬು ಕಡಿಯುವಂತಿಲ್ಲ, ಗಿರಣಿ ತಿರುಗಿಸುವಂತಿಲ್ಲ. ಇಡೀ ಊರಿನ ಗದ್ದಲ ಒಮ್ಮೆಲೇ ನಿಂತ ಆ ಮಂಗಳವಾರದ ಬೆಳಿಗ್ಗೆಯನ್ನು ನೀವು ಕೇಳಿಸಿಕೊಂಡಿರಬೇಕು. ಗುಬ್ಬಿಯ ಸದ್ದು, ಯಾರದೋ ಮನೆಯ ಕೊಡಪಾನದ ಸದ್ದು, ದೂರದಲ್ಲಿ ಸುಳಧಾಳ ಕಡೆಯ ರೈಲಿನ ಸದ್ದು. ಅಷ್ಟೇ.

ಆಮೇಲೆ ಹೊನ್ನಾಟ. ದೇವಿಯನ್ನು ಹೊತ್ತು ಓಣಿ ಓಣಿ ಆಡಿಸುವಾಗ ಭಂಡಾರ ಎರಚುತ್ತಾರೆ. ರಸ್ತೆ, ಮಾಳಿಗೆ, ಅಂಗಿ, ರೆಪ್ಪೆ ಎಲ್ಲ ಹಳದಿ. ಯಾರು ಯಾವ ಜಾತಿ ಎಂದು ಆ ಹಳದಿಯಲ್ಲಿ ಗುರುತು ಸಿಗುವುದಿಲ್ಲ. ಜಾತ್ರೆಯ ಕೆಲಸವನ್ನು ಹಂಚಿದ ರೀತಿಯಲ್ಲೂ ಇಡೀ ಊರು ಇದೆ: ಬಡಿಗೇರರು ತೇರಿಗೆ, ಕುಂಬಾರರು ಗಡಿಗೆಗೆ, ಮಾದರು ಹಲಗಿಗೆ, ಮಡಿವಾಳರು ಹಾಸುಬಟ್ಟೆಗೆ, ನದಾಫರ ಮನೆಯವರೂ ತಮ್ಮ ಪಾಲಿನ ಸೇವೆಗೆ. ಈ ಹಂಚಿಕೆಯಲ್ಲಿ ಮೇಲು–ಕೀಳಿನ ಗೆರೆಯೂ ಇತ್ತು ಎಂಬುದು ಸುಳ್ಳಲ್ಲ. ಹಲಗಿ ಬಡಿಯುವವನನ್ನು ಗುಡಿಯ ಹೊರಗೆ ನಿಲ್ಲಿಸಿದ ಕಾಲವನ್ನು ನಮ್ಮ ಹಿರಿಯರು ಕಂಡಿದ್ದಾರೆ. ಭಂಡಾರದ ಹಳದಿ ಹೊನ್ನಾಟ ಮುಗಿದ ಮೇಲೂ ಮೈಮೇಲೆ ಉಳಿಯಬೇಕು ಎಂಬುದೇ ನನ್ನ ಆಸೆ.

ಗೋಕಾಕದ ಮಹಾಲಕ್ಷ್ಮೀ ಜಾತ್ರೆ ಹತ್ತು ವರ್ಷ ಕಳೆದ ಮೇಲೆ 2025ರ ಜೂನ್ ಕೊನೆಗೆ ಶುರುವಾಗಿ ಜುಲೈ ಮೊದಲ ವಾರವಿಡೀ ನಡೆಯಿತು. ಮಳೆ ಹಿಡಿದಿತ್ತು, ಆದರೂ ಊರು ತುಂಬಿತ್ತು. ಬೇಸಿಗೆಯಲ್ಲಿ ಬರಿ ಕಲ್ಲಾಗಿ ನಿಲ್ಲುವ ಗೋಕಾಕ ಫಾಲ್ಸು ಮಳೆಗಾಲದಲ್ಲಿ 52 ಮೀಟರ್ ಎತ್ತರದಿಂದ ಭೋರ್ಗರೆಯುತ್ತದೆ. ಜಾತ್ರೆಗೆ ಬಂದವರು ತೂಗುಸೇತುವೆಯ ದಾರಿ ಹಿಡಿದದ್ದು ಸಹಜ. ತಿರುಗಿ ಹೋಗುವಾಗ ಕೈಯಲ್ಲಿ ಕರದಂಟಿನ ಡಬ್ಬಿ. ಅಂಟನ್ನು ತುಪ್ಪದಲ್ಲಿ ಕರಿದು, ಬೆಲ್ಲದ ಪಾಕಕ್ಕೆ ಕೊಬ್ಬರಿ, ಉತ್ತತ್ತಿ, ಗೋಡಂಬಿ ಹಾಕಿ ಮಾಡುವ ಇದನ್ನು ನಮ್ಮಲ್ಲಿ ಬಾಣಂತಿಗೂ ಕೊಡುತ್ತಾರೆ, ಪೈಲವಾನನಿಗೂ ಕೊಡುತ್ತಾರೆ. ಇನ್ನೊಂದು ಸಾಮಾನು ಹಿಂದೆ ಜಾತ್ರೆಯಲ್ಲಿ ತಪ್ಪದೆ ಸಿಗುತ್ತಿತ್ತು: ಗೋಕಾಕದ ಗೊಂಬೆ. ಜೀನಗಾರ ಮನೆತನದವರು ಹಗುರ ಕಟ್ಟಿಗೆಯಲ್ಲಿ ಕೆತ್ತಿ ಬಣ್ಣ ಹಚ್ಚಿದ ಗೊಂಬೆಗಳು, ಮಣ್ಣಿನ ಹಣ್ಣುಗಳು. ಮಾವಿನಹಣ್ಣು ನಿಜವೋ ಮಣ್ಣೋ ಎಂದು ಮೂಗಿಗೆ ಹಿಡಿದು ನೋಡಬೇಕಿತ್ತು. ಇವತ್ತು ಬಳೆ ಅಂಗಡಿಯ ಪಕ್ಕ ಹರಡಿದ ಪ್ಲಾಸ್ಟಿಕ್ ಆಟಿಕೆಗಳ ರಾಶಿಯಲ್ಲಿ ಆ ಗೊಂಬೆಯನ್ನು ಹುಡುಕಬೇಕಾಗಿದೆ.

ಜಾತ್ರೆಯಲ್ಲದ ಒಂದು ಜಾತ್ರೆಯೂ ನಮ್ಮ ಬೇಸಿಗೆಯಲ್ಲಿದೆ. ಹಿಡಕಲ್ ಜಲಾಶಯದಲ್ಲಿ ಮುಳುಗಿದ ಹುನ್ನೂರಿನ ವಿಠ್ಠಲ ಗುಡಿ ನೀರು ಇಳಿದಾಗ ಮೇಲೆ ಕಾಣುತ್ತದೆ. 2023ರಲ್ಲಿ ನೀರು ತಳ ಕಂಡಾಗ ಗುಡಿ ಪೂರ್ತಿ ಬಯಲಾಗಿ, ಬಿರಿದ ಕೆಸರಿನ ಮೇಲೆ ನಡೆದು ಜನ ಸಾಲುಗಟ್ಟಿ ಬಂದರು. ಊರು ಬಿಟ್ಟು ಹೋದವರು ಮೊಮ್ಮಕ್ಕಳ ಕೈ ಹಿಡಿದು "ಇಲ್ಲಿ ನಮ್ಮ ಮನಿ ಇತ್ತು" ಎಂದು ಬಯಲನ್ನು ತೋರಿಸಿದರೆ ಯಾವ ಮಗುವಿಗೆ ಏನು ಅರ್ಥವಾದೀತು? ಆದರೂ ಅವರು ತೋರಿಸುತ್ತಾರೆ. ನಮ್ಮ ಹೊಲದ ಕಬ್ಬಿಗೆ ನೀರು ಬಂದದ್ದು ಅವರ ಮನೆಯ ಮೇಲೆ ಹರಿದು ಎಂಬುದನ್ನು ನಾವು, ನೀರುಂಡವರು, ನೆನಪಿಡಬೇಕು.

ಇನ್ನು ನಾನು ಈ ಲೇಖನ ಬರೆಯಲು ಕೂತ ಕಾರಣಕ್ಕೆ ಬರುತ್ತೇನೆ.

ಜಾತ್ರೆಯ ಹಗಲು ನಮ್ಮದಾಗಿಯೇ ಉಳಿದಿದೆ. ತೇರು, ಹೊನ್ನಾಟ, ಕುಸ್ತಿ, ಬಂಡಿ, ಎಲ್ಲವೂ ಇವೆ. ಹೋಗಿರುವುದು ರಾತ್ರಿ. ಜಾತ್ರೆಯ ರಾತ್ರಿ ಎಂದರೆ ಒಂದು ಕಾಲಕ್ಕೆ ಆಟ: ಸಣ್ಣಾಟ, ದೊಡ್ಡಾಟ, ಎಲ್ಲಕ್ಕಿಂತ ಮೇಲಾಗಿ ಶ್ರೀಕೃಷ್ಣ ಪಾರಿಜಾತ. ಇದನ್ನು ಎಲ್ಲೋ ದೂರದ ಕಲೆ ಎಂದು ತಿಳಿಯಬೇಡಿ. ಅಪರಾಳ ತಮ್ಮಣ್ಣ ಕಟ್ಟಿದ ಪಾರಿಜಾತವನ್ನು ತಿದ್ದಿ, ಹಾಡು ಕೂಡಿಸಿ, ಆಡುವ ಆಟವಾಗಿ ಬೆಳೆಸಿದವನು ಕುಲಗೋಡ ತಮ್ಮಣ್ಣ. ಅವನ ಕುಲಗೋಡ ಇವತ್ತಿನ ಮೂಡಲಗಿ ತಾಲ್ಲೂಕಿನಲ್ಲಿದೆ. ಅದನ್ನು ಊರೂರಿಗೆ ಒಯ್ದು ಹೆಸರು ಮಾಡಿದವಳು ಕೌಜಲಗಿ ನಿಂಗಮ್ಮ. ಗಂಡಸರೇ ಹೆಣ್ಣಿನ ವೇಷ ಕಟ್ಟುತ್ತಿದ್ದ ಕಾಲದಲ್ಲಿ ಒಬ್ಬ ಹೆಣ್ಣುಮಗಳು ರಂಗದ ಮೇಲೆ ನಿಂತು ಮೇಳ ನಡೆಸಿದಳು. ಅವಳ ಕೌಜಲಗಿಯೂ ನಮ್ಮ ಸೀಮೆಯದೇ. ಗೋಕಾಕ ತಾಲ್ಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಆನಂದಕಂದರ ಹಾಡುಗಳಿಗೆ, ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರ ನಾಟಕಗಳಿಗೆ ಬೇರು ಎಲ್ಲಿದೆ ಎಂದು ಹುಡುಕುವವರು ಈ ಊರುಗಳ ರಾತ್ರಿಯಾಟಗಳ ಕಟ್ಟೆಗೆ ಬಂದು ನಿಲ್ಲಬೇಕಾಗುತ್ತದೆ. ಕಂಬಾರರಿಗೆ ಜ್ಞಾನಪೀಠ ಬಂದಾಗ ನಮ್ಮಲ್ಲಿ ಫಲಕ ಕಟ್ಟಿದೆವು. ಆ ಪ್ರತಿಭೆಗೆ ಹಾಲೆರೆದ ಆಟವನ್ನು ಮಾತ್ರ ಕಟ್ಟೆಯಿಂದ ಇಳಿಸಿಬಿಟ್ಟೆವು.

ನಾನು ಮೊದಲ ಸಲ ಪಾರಿಜಾತ ನೋಡಿದಾಗ ಎಂಟು ಒಂಬತ್ತು ವರ್ಷದವನು. ಆಯಿಯ ಕಂಬಳಿಯ ಮೇಲೆ ಅರ್ಧ ನಿದ್ದೆ, ಅರ್ಧ ಎಚ್ಚರ. ನಾಲ್ಕು ಕಂಬ, ಹಿಂದೊಂದು ಪರದೆ, ಹಾರ್ಮೋನಿಯಂ, ತಬಲಾ, ತಾಳ. ಗೊಲ್ಲತಿ ಮೊಸರಿನ ಗಡಿಗೆ ಹೊತ್ತು ಬಂದಳು. ಆಮೇಲೆ ನಾರದ ತಂದ ಒಂದು ಹೂವು, ಅದು ರುಕ್ಮಿಣಿಗೆ ಹೋಯಿತೆಂದು ಸತ್ಯಭಾಮೆಯ ಸಿಟ್ಟು. ನನಗೆ ಚೆನ್ನಾಗಿ ನೆನಪಿರುವುದು ದೂತಿ. ಸತ್ಯಭಾಮೆ ಗ್ರಂಥದ ಮಾತಿನಲ್ಲಿ ಅಳುತ್ತಿದ್ದರೆ ದೂತಿ ನಮ್ಮೂರ ಮಾತಿನಲ್ಲಿ ಭಾಗವತನ ಜೊತೆ ಜಗಳ ತೆಗೆದಳು. ಸೊಸೈಟಿಯ ಸಾಲ, ಬಾವಿಯ ಪಾಳಿ, ಬೀಗರ ಊಟದಲ್ಲಿ ಕಡಿಮೆ ಬಿದ್ದ ಹೋಳಿಗೆ, ಎಲ್ಲವೂ ದ್ವಾರಕೆಗೆ ಬಂದವು. ಜನ ಬಿದ್ದು ಬಿದ್ದು ನಕ್ಕರು. ಮರುಗಳಿಗೆಯಲ್ಲೇ ಭಾಮೆಯ ಒಂದು ಪದಕ್ಕೆ ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೂಡಣ ಕೆಂಪಾಗುವ ಹೊತ್ತಿಗೆ ಕೃಷ್ಣ ಕೊರವಂಜಿಯಾಗಿ ಬಂದು ಕಣಿ ಹೇಳುತ್ತಿದ್ದ. ಊರಿನವರು ಒಬ್ಬೊಬ್ಬರಾಗಿ ಎದ್ದು ಆಯೇರಿ ಕೊಟ್ಟರು. ಐದು ರೂಪಾಯಿ ಕೊಟ್ಟವನ ಹೆಸರನ್ನೂ ಭಾಗವತ ಹಾಡಿನಲ್ಲೇ ಪೋಣಿಸಿ ಹರಸಿದ. ನಮ್ಮ ಅಪ್ಪನ ಹೆಸರು ಆ ರಾಗದಲ್ಲಿ ಬಂದಾಗ ನಿದ್ದೆ ಹಾರಿಹೋಯಿತು.

ಈಗ ಆ ಕಟ್ಟೆಯ ಮೇಲೆ ಡಿಜೆ. ಆಳೆತ್ತರದ ಪೆಟ್ಟಿಗೆಗಳನ್ನು ಟ್ರಾಲಿಯಲ್ಲಿ ಪೇರಿಸಿ ತರುತ್ತಾರೆ. ಮಾಳಿಗೆಯ ಮಣ್ಣು ಉದುರುತ್ತದೆ, ಕೂಸುಗಳು ಬೆಚ್ಚಿ ಅಳುತ್ತವೆ, ಎದೆನೋವಿನ ಮುದುಕರನ್ನು ಹೊಲದ ಮನೆಗೆ ಕಳಿಸಿಬಿಡುತ್ತಾರೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದು. ಹಬ್ಬಕ್ಕೆಂದು ಸರ್ಕಾರ ವರ್ಷದಲ್ಲಿ ಹೆಚ್ಚೆಂದರೆ 15 ದಿನ ಹನ್ನೆರಡರವರೆಗೆ ಸಡಿಲಿಕೆ ಕೊಡಬಹುದು. ಡಿಜೆ ನಿಲ್ಲಿಸಲು ಬಂದ ಈ ನಿಯಮದ ಏಟು ಪಾರಿಜಾತದ ಪುಟ್ಟ ಮೈಕಿಗೂ ಬಿತ್ತು. ಬೆಳತನಕ ಆಡುವ ಆಟವನ್ನು ಎರಡು ತಾಸಿಗೆ ಕತ್ತರಿಸಿ ಎಂದರೆ ಕಲಾವಿದರು ಏನು ಮಾಡಬೇಕು? ಆದರೂ ನನಗೆ ನಿಯಮದ ಮೇಲೆ ಸಿಟ್ಟಿಲ್ಲ. ಮೈಕಿಲ್ಲದೆ ನೂರಾರು ಜನರಿಗೆ ಕೇಳುವಂತೆ ಹಾಡಿದ ಗಂಟಲು ಈ ನೆಲದ್ದು. ಸಂಜೆ ಏಳಕ್ಕೆ ಶುರುಮಾಡಿದರೆ ಹತ್ತರವರೆಗೆ ಮೈಕಿನಲ್ಲಿ, ಆಮೇಲೆ ಬಾಯಲ್ಲಿ, ಹತ್ತಿರ ಹತ್ತಿರ ಕೂತು ಕೇಳಬಹುದು. ಹತ್ತಿರ ಕೂರುವುದಕ್ಕೇ ಅಲ್ಲವೇ ಜಾತ್ರೆ?

ಜನ ಬರುವುದಿಲ್ಲ ಎನ್ನುತ್ತಾರೆ. ಎರಡು ವರ್ಷದ ಹಿಂದೆ ಅಂಕಲಗಿ ಕಡೆಯದೇ ಒಂದು ಸಣ್ಣ ಊರಿನಲ್ಲಿ ಸಪ್ತಾಹದ ಕೊನೆಯ ದಿನ ಹುಡುಗರು ಹಠ ಹಿಡಿದು ಪಾರಿಜಾತ ಮೇಳ ಕರೆಸಿದ್ದರು. ನಾನು ಹೋಗಿದ್ದೆ. ಮೊದಲ ತಾಸು ಕಟ್ಟೆಯ ಮುಂದೆ ಇದ್ದವರು ಬರೀ ಮುದುಕ–ಮುದುಕಿಯರು, ಹಿಂದೆ ಮೊಬೈಲು ಹಿಡಿದು ನಿಂತ ಹುಡುಗರು. ದೂತಿ ಮೊಬೈಲಿನ ಮೇಲೆಯೇ ಮಾತು ಎತ್ತಿದಳು. "ಭಾಗವತಾ, ನಮ್ಮ ಕೃಷ್ಣ ಸ್ವಾಮಿ ಹದಿನಾರು ಸಾವಿರ ನಂಬರು ಹ್ಯಾಂಗ ಸೇವ್ ಮಾಡಿಕೊಂಡಾನೋ?" ಎಂದಳು. ಹಿಂದಿದ್ದ ಹುಡುಗರು ಮುಂದೆ ಬಂದು ಕೂತರು. ನಡುರಾತ್ರಿ ದಾಟಿದರೂ ಎದ್ದವರು ಕಡಿಮೆ. ಬೆಳಗಾವಿಯ ಕಾಲೇಜಿನಲ್ಲಿ ಓದುವ ಒಬ್ಬ ಹುಡುಗಿ ತನ್ನ ಅಜ್ಜಿಯ ತೊಡೆಗೆ ಆತು ಕೂತು, ತಿಳಿಯದ ಪದಗಳನ್ನು ಒಂದೊಂದಾಗಿ ಕೇಳುತ್ತಿದ್ದಳು. ಅಜ್ಜಿ ಆಟ ನೋಡುತ್ತಲೇ ಹೇಳುತ್ತಿದ್ದಳು. ಭಾಷೆ ಕಲಿಯುವ ಅಂಥ ತರಗತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೇಳದ ಹಾರ್ಮೋನಿಯಂ ನುಡಿಸುವ ಹಿರಿಯರನ್ನು ಮರುದಿನ ಚಹಾಕ್ಕೆ ಕರೆದು ಕೇಳಿದೆ: ವರ್ಷಕ್ಕೆ ಎಷ್ಟು ಆಟ ಸಿಗುತ್ತವೆ? ಅವರು ಬೆರಳು ಮಡಚಿ ಎಣಿಸಿದರು, ಎರಡೂ ಕೈ ಬೇಕಾಗಲಿಲ್ಲ. "ಹೊಟ್ಟಿಗೆ ಹೊಲದ ಕೂಲಿ ಐತ್ರೀ, ಅದರ ಚಿಂತಿ ಇಲ್ಲ. ಆಡದ ಪದ ಮರತ ಹೋಗ್ತೈತಿ, ಅದರ ಚಿಂತಿ" ಎಂದರು. ಮೇಳಕ್ಕೆ ಬೇಕಾದ ದುಡ್ಡು ಒಂದು ರಾತ್ರಿಯ ಡಿಜೆ ಬಾಡಿಗೆಗಿಂತ ಕಡಿಮೆ ಎಂಬುದನ್ನು ಅಲ್ಲೇ ಕೂತಿದ್ದ ಊರ ಪಂಚರೊಬ್ಬರೇ ಒಪ್ಪಿಕೊಂಡರು.

ಅದಕ್ಕೇ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕಿನ ಎಲ್ಲ ಜಾತ್ರಾ ಕಮಿಟಿಗಳಿಗೆ, ಪಂಚರಿಗೆ, ಯುವಕ ಮಂಡಳಗಳಿಗೆ, ಮಠದ ಸ್ವಾಮಿಗಳಿಗೆ ಕೈಮುಗಿದು ಕೇಳುತ್ತೇನೆ. ನಿಮ್ಮ ಜಾತ್ರೆ ಮೂರು ದಿನದ್ದಿರಲಿ, ಒಂಬತ್ತು ದಿನದ್ದಿರಲಿ, ಒಂದು ರಾತ್ರಿಯನ್ನು ಪಾರಿಜಾತಕ್ಕೆ ಕೊಡಿ. ಮೇಳ ಎಲ್ಲಿ ಸಿಗುತ್ತದೆಂದು ತಿಳಿಯದಿದ್ದರೆ ಬಾಗಲಕೋಟೆಯಲ್ಲಿ ಕರ್ನಾಟಕ ಬಯಲಾಟ ಅಕಾಡೆಮಿ ಇದೆ, ಅಲ್ಲಿ ವಿಚಾರಿಸಿ. ಪಟ್ಟಿ ಬರೆಯುವ ಪುಸ್ತಕದಲ್ಲಿ ತೇರಿನ ಹಗ್ಗ, ಪೆಂಡಾಲು, ಅನ್ನದಾನದ ಸಾಲಿನ ಕೆಳಗೆ "ಪಾರಿಜಾತ ಮೇಳ" ಎಂದು ಇನ್ನೊಂದು ಸಾಲು ಬರೆಯಿರಿ. ತವರಿಗೆ ಬಂದ ಹೆಣ್ಣುಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂಡಿಸಿ. ಶಾಲೆಗೆ ರಜೆ ಇದೆ, ಮಕ್ಕಳನ್ನು ಮಲಗಲು ಕಳಿಸಬೇಡಿ.

ಈ ಸಲದ ಜಾತ್ರೆಗಳ ಪಟ್ಟಿ ಎತ್ತುವ ಕೆಲಸ ಯುಗಾದಿಗೂ ಮುಂಚೆಯೇ ಶುರುವಾಗುತ್ತದೆ. ನಿಮ್ಮ ಮನೆಗೆ ಪಂಚರು ಬಂದಾಗ ದುಡ್ಡು ಕೊಡುವ ಮೊದಲು ಕೇಳಿ: "ಪಾರಿಜಾತ ಯಾವತ್ತು?"